ಅಣುತ್ಯಾಜ್ಯ, ನೆಲ ಮತ್ತು ನುಡಿ: ಕೆ.ಜಿ.ಎಫ್. ವಿರೋಧದ ಭಾಷಿಕ ನೆಲೆಗಳು

ಪ್ರಸ್ತಾವನೆ

ಕನ್ನಡದಲ್ಲಿ ಪರಿಸರ ಚಳವಳಿಗಳನ್ನು ಕುರಿತು ನಡೆದಿರುವ ಅಧ್ಯಯನಗಳಲ್ಲಿ ಸ್ಥೂಲವಾಗಿ ಎರಡು ನೆಲೆಗಳನ್ನು ಗುರುತಿಸಬಹುದು. ಅಭಿವೃದ್ಧಿಯ ರಾಜಕಾರಣವನ್ನು ವಿಶ್ಲೇಷಿಸುವುದು ಒಂದು. ಚಳವಳಿಗಳಲ್ಲಿ ಲೇಖಕರು ವಹಿಸಿದ ಪಾತ್ರವನ್ನು ದಾಖಲಿಸುವುದು ಮತ್ತೊಂದು. ಕೈಗಾ ಅಣುಸ್ಥಾವರ ವಿರೋಧವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಶಿವರಾಮ ಕಾರಂತರ ಸುತ್ತ ಬೆಳೆದದ್ದು ಎರಡನೆಯ ನೆಲೆಗೆ ನಿದರ್ಶನ. ಕಾರಂತರು ಸ್ಥಾವರವನ್ನು ವಿರೋಧಿಸಿ ಸಭೆಗಳಲ್ಲಿ ಮಾತನಾಡಿದರು, ನ್ಯಾಯಾಲಯದ ಮೆಟ್ಟಿಲೇರಿದರು, 1989ರಲ್ಲಿ ಲೋಕಸಭಾ ಚುನಾವಣೆಗೂ ಸ್ಪರ್ಧಿಸಿ ಸೋತರು. ಲೇಖಕನ ನೈತಿಕ ಸ್ಥೈರ್ಯದ ಕಥನವಾಗಿ ಇದು ಮುಖ್ಯವಾದುದೇ. ಆದರೆ ಹೆಸರಾಂತ ಲೇಖಕರ ನೇತೃತ್ವವಿಲ್ಲದ, ಕೃತಿಯ ರೂಪದಲ್ಲಿ ಉಳಿಯದ ವಿರೋಧಗಳನ್ನು ಓದಲು ಈ ಮಾದರಿ ಸಾಲದು.

2012ರ ನವೆಂಬರ್‌ನಲ್ಲಿ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಅಣುತ್ಯಾಜ್ಯ ಸಂಗ್ರಹದ ವಿರುದ್ಧ ಎದ್ದ ಜನವಿರೋಧ ಅಂತಹದು. ಅದು ಕೆಲವೇ ದಿನ ಬಾಳಿತು. ಆದರೂ ಅಲ್ಲಿ ಸೆಣಸಾಡಿದ ಪದಗಳು ಅಲ್ಪಾಯುವಾದವಲ್ಲ. ಒಂದು ನೆಲವನ್ನು 'ಪಾಳು' ಎಂದು ಕರೆಯುವ ಅಧಿಕಾರ ಯಾರದು, 'ತ್ಯಾಜ್ಯ' ಎಂದರೆ ಯಾರು ಬಿಟ್ಟದ್ದು, 'ಹಿತ್ತಲು' ಎಂದರೆ ಯಾರ ಮನೆಯದು, 'ಶಾಶ್ವತ' ಎಂದರೆ ಎಷ್ಟು ಕಾಲ ಎಂಬ ಪ್ರಶ್ನೆಗಳು ಅದರ ಒಡಲಿನಲ್ಲಿದ್ದವು. ಈ ನಾಲ್ಕು ಪದಗಳ ಮೂಲಕ ಆ ವಿರೋಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಘಟನೆಯ ಹಿನ್ನೆಲೆ

ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಕೂಡಂಕುಳಂ ಅಣುಸ್ಥಾವರವನ್ನು ಕುರಿತ ಮೊಕದ್ದಮೆಯ ವಿಚಾರಣೆ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದಿತ್ತು. ಸ್ಥಾವರದಿಂದ ಹೊರಬರುವ ತ್ಯಾಜ್ಯ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಅದಕ್ಕೆ ಉತ್ತರವಾಗಿ ಸರ್ಕಾರದ ಪರವಾಗಿ ಕೋಲಾರದ ಮುಚ್ಚಿದ ಚಿನ್ನದ ಗಣಿಗಳ ಹೆಸರು ಪ್ರಸ್ತಾಪವಾಯಿತೆಂದು ನವೆಂಬರ್‌ನಲ್ಲಿ ವರದಿಯಾಯಿತು. ಸುದ್ದಿ ತಿಳಿದೊಡನೆ ಕೆ.ಜಿ.ಎಫ್. ಮತ್ತು ಕೋಲಾರದಲ್ಲಿ ಪ್ರತಿಭಟನೆಗಳು ನಡೆದವು. ರಾಜ್ಯ ಸರ್ಕಾರವೂ ವಿರೋಧ ವ್ಯಕ್ತಪಡಿಸಿತು. ಬೆನ್ನಿಗೇ ಕೇಂದ್ರದಿಂದ ನಿರಾಕರಣೆ ಬಂತು. ಅಲ್ಲಿ ತ್ಯಾಜ್ಯವಿಡುವ ಪ್ರಸ್ತಾಪವೇ ಇಲ್ಲ, ಗಣಿಯಲ್ಲಿ ಹಿಂದೆ ನಡೆದದ್ದು ಕೇವಲ ಶಿಲೆಯ ಗುಣವನ್ನು ತಿಳಿಯುವ ಪ್ರಯೋಗ ಎಂಬುದು ಅದರ ಸಾರ.

ಪ್ರಯೋಗ ನಡೆದದ್ದು ನಿಜ. 1980ರ ದಶಕದಲ್ಲಿ ಗಣಿಯ ಸುಮಾರು 1,000 ಮೀಟರ್ ಆಳದ ಒಂದು ಕೋಣೆಯಲ್ಲಿ ವಿದ್ಯುತ್ ತಾಪಕಗಳನ್ನಿಟ್ಟು, ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆ ಎಂಬುದನ್ನು ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಅಳೆದಿದ್ದರು. ವಿಕಿರಣ ವಸ್ತುವಿನಿಂದ ಹೊಮ್ಮುವ ಶಾಖವನ್ನು ಅನುಕರಿಸುವುದು ಅದರ ಉದ್ದೇಶವಾಗಿತ್ತು. ಆ ಪ್ರಯೋಗ ಯಾವುದರ ಪೂರ್ವತಯಾರಿ ಎಂಬುದನ್ನು ಊರಿಗೆ ಯಾರೂ ವಿವರಿಸಿರಲಿಲ್ಲವೆಂಬುದು, ಸುಮಾರು ಮೂರು ದಶಕಗಳ ನಂತರ ಸುದ್ದಿ ಹುಟ್ಟಿಸಿದ ಬೆರಗಿನಿಂದಲೇ ತಿಳಿಯುತ್ತದೆ. ಊರು ತನ್ನ ಬಗೆಗಿನ ವಿಷಯವನ್ನು ದೂರದ ನ್ಯಾಯಾಲಯವೊಂದರಲ್ಲಿ, ಇನ್ನೊಂದು ಊರಿನ ಮೊಕದ್ದಮೆಯ ಅಡಿಟಿಪ್ಪಣಿಯಾಗಿ ಕೇಳಬೇಕಾಯಿತು. ವಿರೋಧದ ತೀವ್ರತೆಗೆ ವಿಕಿರಣದ ಭಯ ಎಷ್ಟು ಕಾರಣವೋ ಈ ಅವಗಣನೆಯೂ ಅಷ್ಟೇ ಕಾರಣ.

'ಪಾಳು' ಎಂಬ ವಿಶೇಷಣ

ಗಣಿಯ ಹೆಸರಿನೊಡನೆ 'ಪಾಳುಬಿದ್ದ', 'ಕೈಬಿಟ್ಟ' ಎಂಬ ವಿಶೇಷಣಗಳು ಸಹಜವೆಂಬಂತೆ ಸೇರಿಕೊಂಡವು. ಕನ್ನಡದಲ್ಲಿ 'ಪಾಳು' ಎಂಬುದು ಮೊದಲಿಗೆ ಬೇಸಾಯದ ಲೋಕದ ಮಾತು. ಉಳದೆ ಬಿಟ್ಟ ಹೊಲ ಪಾಳು. ಬಾಳುವವರಿಲ್ಲದ ಮನೆ ಪಾಳು. ಬಿಟ್ಟವರು ಯಾರೆಂಬುದು ಆ ಪದದಲ್ಲಿಯೇ ಅಡಗಿರುತ್ತದೆ. ಕೆ.ಜಿ.ಎಫ್.ನಲ್ಲಿ ಬಿಟ್ಟವರು ಊರಿನ ಜನರಲ್ಲ.

ಇಲ್ಲಿ ಆಧುನಿಕ ಗಣಿಗಾರಿಕೆಯನ್ನು 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ. 1956ರಲ್ಲಿ ಗಣಿ ಮೈಸೂರು ರಾಜ್ಯದ ಸ್ವಾಮ್ಯಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಬಂದಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ರೂಪುಗೊಂಡಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ 800 ಟನ್ನುಗಳಷ್ಟು ಚಿನ್ನ ಇಲ್ಲಿಂದ ಹೊರಹೋಯಿತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರನ್ನು ಮೀರಿತು. ಆ ಆಳಕ್ಕೆ ಇಳಿದವರಲ್ಲಿ ಬಹುಪಾಲು ತಮಿಳು ನಾಡಿನಿಂದ ವಲಸೆ ಬಂದ ದಲಿತ ಕಾರ್ಮಿಕರು. ಬಂಡೆ ಸಿಡಿಯುವ ಅಪಘಾತಗಳು, ಕಲ್ಲುಪುಡಿಯಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಅವರ ಪಾಲಿನವು. ಗಣಿ ಮುಚ್ಚಿದ ಮೇಲೂ ಊರು ಮುಚ್ಚಲಿಲ್ಲ. ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರ ಊರಾಗಿ ಅದು ಬದುಕಿದೆ.

ಆದುದರಿಂದ 'ಪಾಳು ಗಣಿ' ಎಂಬ ನುಡಿಗಟ್ಟಿನಲ್ಲಿ ನೆಲದಡಿಯನ್ನು ನೆಲದ ಮೇಲಿನಿಂದ ಬೇರ್ಪಡಿಸುವ ಒಂದು ತಂತ್ರವಿದೆ. ಕೆಳಗೆ ಬರಿದಾದ ಸುರಂಗ ಮಾತ್ರ ಕಾಣುತ್ತದೆ; ಮೇಲಿನ ಜನವಸತಿ ಕಣ್ಮರೆಯಾಗುತ್ತದೆ. ಅಮೆರಿಕದ ನೆವಾಡಾ ರಾಜ್ಯದ ಯಕ್ಕಾ ಬೆಟ್ಟವನ್ನು 1987ರ ಕಾಯ್ದೆ ತಿದ್ದುಪಡಿ ಏಕೈಕ ತ್ಯಾಜ್ಯತಾಣವಾಗಿ ಆರಿಸಿದಾಗಲೂ ಇದೇ ನಡೆಯಿತು. ಮರುಭೂಮಿಯೆಂದರೆ ಖಾಲಿ ನೆಲ ಎಂಬ ಗ್ರಹಿಕೆ ಅಲ್ಲಿತ್ತು. ಪಶ್ಚಿಮ ಶೋಶೋನಿ ಸಮುದಾಯ 1863ರ ಒಪ್ಪಂದವನ್ನು ಮುಂದಿಟ್ಟು ಅದು ತಮ್ಮ ನೆಲವೆಂದು ವಾದಿಸಿತು. ಖಾಲಿತನ ಭೂಗೋಳದ ಸಂಗತಿಗಿಂತ ನೋಡುವವರ ದೂರದ ಸಂಗತಿ.

ತಾಂತ್ರಿಕವಾಗಿಯೂ 'ಪಾಳು' ಎಂಬ ವಿಶೇಷಣ ದಾರಿ ತಪ್ಪಿಸುವಂತಹದು. ಪಂಪುಗಳು ನಿಂತ ಮೇಲೆ ಗಣಿಯೊಳಗೆ ನೀರು ತುಂಬಿತು. ತ್ಯಾಜ್ಯವನ್ನು ಹೂಳುವ ಶಿಲೆ ಬಿರುಕಿಲ್ಲದೆ, ನೀರಿನ ಸಂಪರ್ಕವಿಲ್ಲದೆ ಇರಬೇಕೆಂಬುದು ಈ ಶಾಸ್ತ್ರದ ಮೊದಲ ನಿಯಮ. ಶತಮಾನಕ್ಕೂ ಮಿಗಿಲಾಗಿ ಸಿಡಿಮದ್ದಿನಿಂದ ಅದುರಿದ ಬಂಡೆ ಈ ನಿಯಮಕ್ಕೆ ಒಪ್ಪುವುದು ಕಷ್ಟ. ಜರ್ಮನಿಯ ಆಸ್ಸೆ ಎಂಬಲ್ಲಿ ಹಳೆಯ ಉಪ್ಪಿನ ಗಣಿಯೊಂದರಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಪೀಪಾಯಿಗಳಷ್ಟು ತ್ಯಾಜ್ಯವನ್ನಿಡಲಾಗಿತ್ತು. ಅನಂತರ ಅದರೊಳಗೆ ನೀರು ಒಸರತೊಡಗಿ, ಎಲ್ಲವನ್ನೂ ಹೊರತೆಗೆಯುವುದೇ ಸರಿಯೆಂಬ ತೀರ್ಮಾನಕ್ಕೆ 2010ರಲ್ಲಿ ಬರಬೇಕಾಯಿತು. 'ಹೇಗೂ ತೋಡಿದ ಹಳ್ಳವಿದೆ' ಎಂಬ ತರ್ಕದ ಪರಿಣಾಮಕ್ಕೆ ಇದೊಂದು ಪಾಠ. ಗಣಿಯೊಳಗಿನ ನೀರನ್ನು ಬಲ್ಲ ಕಾರ್ಮಿಕನ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕಲು ಆಗದಿರುವುದು ಇದರಿಂದಲೇ.

'ತ್ಯಾಜ್ಯ': ಯಾರು ಬಿಟ್ಟದ್ದು?

'ತ್ಯಾಜ್ಯ' ಎಂಬುದು ಸಂಸ್ಕೃತ ಮೂಲದ ಪದ. ಬಿಡಬೇಕಾದದ್ದು, ಬಿಡತಕ್ಕದ್ದು ಎಂದು ಅದರ ಅರ್ಥ. ಬಿಡುವ ಕರ್ತೃ ಈ ರೂಪದಲ್ಲಿ ಕಾಣಿಸುವುದಿಲ್ಲ. ಕನ್ನಡದ ದೇಸಿ ಪದಗಳು ಹಾಗಲ್ಲ. ಎಂಜಲು ಎಂದರೆ ಉಂಡವನೊಬ್ಬ ಇದ್ದೇ ಇರುತ್ತಾನೆ. ಮುಸುರೆ ಎಂದರೆ ಅಡುಗೆಯಾದ ಮನೆಯೊಂದು ಇದ್ದೇ ಇರುತ್ತದೆ. ಈ ಪದಗಳಲ್ಲಿ ಭೋಗಕ್ಕೂ ಅದರ ಶೇಷಕ್ಕೂ ಇರುವ ನಂಟು ಕಡಿದಿಲ್ಲ. ಯಾರ ಎಂಜಲನ್ನು ಯಾರು ಎತ್ತಬೇಕೆಂಬ ಕಟ್ಟಳೆಯಲ್ಲಿ ನಮ್ಮ ಜಾತಿವ್ಯವಸ್ಥೆಯ ಇತಿಹಾಸವೂ ಇದೆ. ಬೇರೊಂದು ಕಡೆಯ ಬೆಳಕಿನ ಶೇಷವನ್ನು ಬೆವರು ಸುರಿಸಿ ಬರಿಗೈಯಾದವರ ಊರಿನಲ್ಲಿಡುವ ಮಾತು ಬಂದಾಗ ಅದು ಅಪಮಾನವಾಗಿ ಕೇಳಿಸಿದ್ದನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು.

ಅಣುಶಕ್ತಿ ಇಲಾಖೆಯ ಪರಿಭಾಷೆ ಬೇರೆಯೇ. ಸ್ಥಾವರದಿಂದ ಹೊರತೆಗೆದದ್ದು ಅದರ ದೃಷ್ಟಿಯಲ್ಲಿ 'ಬಳಸಿದ ಇಂಧನ'. ಅದನ್ನು ಸಂಸ್ಕರಿಸಿ ಯುರೇನಿಯಂ, ಪ್ಲುಟೋನಿಯಂಗಳನ್ನು ಮರಳಿ ಪಡೆಯುವುದು ಭಾರತದ ಅಂಗೀಕೃತ ನೀತಿ. ತಿಪ್ಪೆಯೇ ಗೊಬ್ಬರವಾಗುವ, ಕಸದಿಂದ ರಸ ತೆಗೆಯುವ ರೈತಲೋಕದ ವಿವೇಕಕ್ಕೆ ಇದು ಹತ್ತಿರದ್ದೆಂದು ತೋರಬಹುದು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಮರುಸಂಸ್ಕರಣೆಯ ನಂತರ ಉಳಿಯುವ ತೀವ್ರ ವಿಕಿರಣದ ದ್ರವವನ್ನು ಗಾಜಿನೊಳಗೆ ಬೆಸೆದು ಕಾಪಾಡಬೇಕಾಗುತ್ತದೆ. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಪ್ಲುಟೋನಿಯಂ-239ರದು ಸುಮಾರು 24,000 ವರ್ಷ. ತಿಪ್ಪೆಗೆ ಸೇರಿ ಮಣ್ಣಾಗದ ಕಸಕ್ಕೆ ಬೇಸಾಯದ ಭಾಷೆಯಲ್ಲಿ ಹೆಸರಿಲ್ಲ. ಪ್ರತಿಭಟನೆಯ ಭಾಷೆ 'ವಿಷ' ಎಂಬ ಪದದತ್ತ ಹೊರಳಿದರೆ ಅದಕ್ಕೆ ಉತ್ಪ್ರೇಕ್ಷೆಯೊಂದೇ ಕಾರಣವಲ್ಲ. ಇರುವ ಪದಕೋಶದ ಬಡತನವೂ ಕಾರಣ.

ಇಲ್ಲಿಯೇ ವಿರೋಧದ ಒಂದು ಮಿತಿಯನ್ನೂ ಗುರುತಿಸಬೇಕು. ಕೆ.ಜಿ.ಎಫ್.ನಲ್ಲಿ ತ್ಯಾಜ್ಯ ಮೊದಲೇ ಇತ್ತು. ಅದಿರನ್ನು ಅರೆದು ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಕೋಟ್ಯಂತರ ಟನ್ ಪುಡಿ 'ಸೈನೈಡ್ ದಿಬ್ಬ'ಗಳಾಗಿ ಊರಿನ ನಡುವೆಯೇ ನಿಂತಿದೆ. ಗಾಳಿಯ ಕಾಲದಲ್ಲಿ ಅದರ ಧೂಳು ಮನೆಗಳನ್ನು ಹೊಕ್ಕುತ್ತದೆ. ಈ ಧೂಳಿನ ವಿಷಯದಲ್ಲಿ 2012ರಂತಹ ರಾಜ್ಯವ್ಯಾಪಿ ಕಳವಳ ಎಂದೂ ಮೂಡಿಲ್ಲ. ಹೊರಗಿನಿಂದ ಬರಲಿದ್ದ ತ್ಯಾಜ್ಯ ನಾಡಿನ ಸ್ವಾಭಿಮಾನದ ಪ್ರಶ್ನೆಯಾಯಿತು. ಒಳಗೇ ಇದ್ದ ತ್ಯಾಜ್ಯ ಆ ಊರಿನವರ ಹಣೆಬರಹವಾಗಿ ಉಳಿಯಿತು. 2024ರಲ್ಲಿ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿದಾಗ, ತ್ಯಾಜ್ಯವೆನಿಸಿದ್ದು ಒಮ್ಮೆಗೇ ಸಂಪತ್ತೆನಿಸಿತು. ಈ ಎರಡೂ ನಾಮಕರಣಗಳು ಊರಿನ ಹೊರಗೆ ನಡೆದವೆಂಬುದು ಗಮನಾರ್ಹ.

'ಹಿತ್ತಲು': ಒಂದು ಆರೋಪದ ಪರಿಶೀಲನೆ

ಇಂತಹ ವಿರೋಧಗಳನ್ನು 'ನನ್ನ ಹಿತ್ತಲಲ್ಲಿ ಬೇಡ' ಎಂಬ ಮನೋಭಾವವೆಂದು ಕಿರಿದುಗೊಳಿಸುವುದು ಜಗತ್ತಿನಾದ್ಯಂತ ರೂಢಿ. ವಿದ್ಯುತ್ ಬೇಕು, ಅದರ ಹೊರೆ ಬೇಡ ಎಂಬ ಸ್ವಾರ್ಥದ ಆರೋಪ ಇದರಲ್ಲಿದೆ. ಪಾಶ್ಚಾತ್ಯ ಉಪನಗರಗಳ ಹುಲ್ಲುಹಾಸಿನ ಹಿತ್ತಲು ಈ ಮಾತಿನ ಹಿಂದಿರುವ ಚಿತ್ರ. ಕನ್ನಡದ ಹಿತ್ತಲು ಬೇರೆ. ಅಲ್ಲಿ ಬಾವಿಯಿದೆ, ಬಚ್ಚಲ ನೀರು ಹರಿಯುವ ಬಾಳೆಯ ಬುಡವಿದೆ, ಕರಿಬೇವು-ತೊಂಡೆಯಿದೆ, ಮದ್ದಿನ ಸೊಪ್ಪಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹತ್ತಿರದ್ದನ್ನು ಕಡೆಗಣಿಸುವವರ ಕುರಿತ ವ್ಯಂಗ್ಯವೇ ಹೊರತು ಹಿತ್ತಲಿನ ನಿಂದೆಯಲ್ಲ. ಮನೆಯ ಕೊಳೆ ಮನೆಯ ಹಿತ್ತಲಿನಲ್ಲಿಯೇ ಕರಗಬೇಕೆಂಬುದು ಈ ವ್ಯವಸ್ಥೆಯ ಒಳನಿಯಮ. ಈ ಅರ್ಥದಲ್ಲಿ 'ಇನ್ನೊಬ್ಬರ ಕೊಳೆ ನಮ್ಮ ಹಿತ್ತಲಿಗೆ ಬೇಡ' ಎಂಬುದು ಸ್ವಾರ್ಥದ ಮಾತಾಗದೆ ನ್ಯಾಯದ ಮಾತಾಗುತ್ತದೆ.

ಆದರೆ ಈ ನಿಯಮ ವಿರೋಧಿಸುವವರನ್ನೂ ಕಟ್ಟಿಹಾಕುತ್ತದೆ. ಕರ್ನಾಟಕಕ್ಕೆ ತನ್ನದೇ ಅಣುಸ್ಥಾವರವಿದೆ. ಕೈಗಾದ ನಾಲ್ಕು ಘಟಕಗಳ ಬಳಸಿದ ಇಂಧನ ಎಲ್ಲಿಗೆ ಸೇರಬೇಕು ಎಂಬ ಪ್ರಶ್ನೆಗೆ 2012ರ ಕೂಗಿನಲ್ಲಿ ಎಡೆಯಿರಲಿಲ್ಲ. ಕಾವೇರಿ ವಿವಾದ ಬಿಸಿಯೇರಿದ್ದ ವರ್ಷವದು. 'ತಮಿಳುನಾಡಿನ ತ್ಯಾಜ್ಯ' ಎಂಬ ಚೌಕಟ್ಟು ಸುಲಭವಾಗಿ ಒದಗುವಂತಿತ್ತು. ಕೆ.ಜಿ.ಎಫ್. ಮಟ್ಟಿಗೆ ಆ ಚೌಕಟ್ಟು ನಿಲ್ಲುವುದಿಲ್ಲ. ಅಪಾಯಕ್ಕೆ ಗುರಿಯಾಗಬಹುದಾಗಿದ್ದ ಜನರಲ್ಲಿ ಹೆಚ್ಚಿನವರ ಮನೆಮಾತು ತಮಿಳು. ಕೂಡಂಕುಳಂನ ಮೀನುಗಾರರೂ ಕೆ.ಜಿ.ಎಫ್.ನ ಗಣಿಕಾರ್ಮಿಕರ ಮಕ್ಕಳೂ ಒಂದೇ ಪ್ರಶ್ನೆಯ ಎರಡು ತುದಿಗಳಲ್ಲಿದ್ದರು. ಸ್ಥಾವರದ ಆವರಣದಲ್ಲಿಯೇ ಬಳಸಿದ ಇಂಧನದ ಸಂಗ್ರಹಾಗಾರ ಕಟ್ಟುವ ಬಗ್ಗೆ 2019ರ ಜುಲೈನಲ್ಲಿ ಕರೆದಿದ್ದ ಸಾರ್ವಜನಿಕ ಅಹವಾಲು ಸಭೆ ಅಲ್ಲಿಯ ವಿರೋಧದ ನಡುವೆ ಮುಂದಕ್ಕೆ ಹೋಯಿತು. ಒಂದೂರಿನ 'ಬೇಡ' ಇನ್ನೊಂದೂರಿನ ಹೊರೆಯಾಗುವ ಈ ಬಿಕ್ಕಟ್ಟಿಗೆ ಭಾಷಾಭಿಮಾನದಲ್ಲಿ ಪರಿಹಾರವಿಲ್ಲ.

ಒಪ್ಪಿಗೆಯ ಪ್ರಶ್ನೆಯನ್ನು ಬೇರೆ ದೇಶಗಳು ಎದುರಿಸಿದ ಬಗೆ ಇಲ್ಲಿ ಹೋಲಿಕೆಗೆ ಒದಗುತ್ತದೆ. ಜರ್ಮನಿಯ ಗೋರ್ಲೆಬೆನ್ ಎಂಬ ಗ್ರಾಮವನ್ನು 1977ರಲ್ಲಿ ಮೇಲಿನಿಂದ ಆರಿಸಲಾಯಿತು. 1979ರಲ್ಲಿ ರೈತರು ಟ್ರ್ಯಾಕ್ಟರುಗಳೊಡನೆ ಹ್ಯಾನೋವರ್‌ಗೆ ಜಾಥಾ ಹೊರಟರು. ನಾಲ್ಕು ದಶಕಗಳ ಹೋರಾಟದ ನಂತರ 2020ರ ಸೆಪ್ಟೆಂಬರ್‌ನಲ್ಲಿ ಭೂವೈಜ್ಞಾನಿಕ ಕಾರಣಗಳಿಂದಲೇ ಆ ತಾಣವನ್ನು ಪಟ್ಟಿಯಿಂದ ಕೈಬಿಡಲಾಯಿತು. ಫಿನ್‌ಲೆಂಡಿನಲ್ಲಿ ಸ್ಥಳೀಯ ಆಡಳಿತಕ್ಕೆ ನಿರಾಕರಿಸುವ ಹಕ್ಕನ್ನು ಕಾನೂನೇ ನೀಡಿತ್ತು. ಆ ಹಕ್ಕನ್ನು ಹೊಂದಿದ್ದ ಯುರಾಯೋಕಿ 2000ದಲ್ಲಿ ಒಪ್ಪಿಗೆ ಕೊಟ್ಟಿತು. ಬೇಡವೆನ್ನುವ ಅಧಿಕಾರವಿದ್ದಲ್ಲಿ ಮಾತ್ರ ಒಪ್ಪಿಗೆಗೆ ಅರ್ಥವಿದೆ.

'ಆಚಂದ್ರಾರ್ಕ': ಕಾಲದ ಸಮಸ್ಯೆ

ಅಣುತ್ಯಾಜ್ಯ ಒಡ್ಡುವ ಬಹುಮುಖ್ಯ ಪ್ರಶ್ನೆ ಭಾಷಾಧ್ಯಯನಕ್ಕೇ ಸೇರಿದ್ದು. ಹೂತಿಟ್ಟ ಜಾಗದ ಅಪಾಯವನ್ನು ಹತ್ತು ಸಾವಿರ ವರ್ಷಗಳ ನಂತರದವರಿಗೆ ತಿಳಿಸುವುದು ಹೇಗೆ? ಸಂಕೇತವಿಜ್ಞಾನಿ ಥಾಮಸ್ ಸೆಬಿಯೋಕ್ 1984ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಇದನ್ನು ಚರ್ಚಿಸಿದರು. ಬರಹವನ್ನು ಮಾತ್ರ ನಂಬದೆ, ಆಚರಣೆ ಮತ್ತು ಪುರಾಣಗಳ ಮೂಲಕ ತಲೆಮಾರಿನಿಂದ ತಲೆಮಾರಿಗೆ ಎಚ್ಚರಿಕೆಯನ್ನು ದಾಟಿಸುವ ಒಂದು 'ಅಣು ಪುರೋಹಿತವರ್ಗ'ವನ್ನೇ ಅವರು ಸೂಚಿಸಿದ್ದರು.

ಕನ್ನಡದ ಶಾಸನ ಪರಂಪರೆ ಈ ಸಮಸ್ಯೆಯನ್ನು ತನ್ನದೇ ರೀತಿಯಲ್ಲಿ ಎದುರಿಸಿತ್ತು. ದಾನವು 'ಆಚಂದ್ರಾರ್ಕ', ಅಂದರೆ ಸೂರ್ಯಚಂದ್ರರಿರುವವರೆಗೆ ನಡೆಯಬೇಕೆಂದು ಶಾಸನಗಳು ಹೇಳುತ್ತವೆ. ಓದಲು ಬಾರದವರಿಗೂ ತಿಳಿಯಲೆಂದು ಶಿಲೆಯ ನೆತ್ತಿಯಲ್ಲಿ ಸೂರ್ಯಚಂದ್ರರ ಚಿತ್ರವಿರುತ್ತದೆ. ಕೊನೆಗೆ ಶಾಪಾಶಯ. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನೆಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಪ್ಲುಟೋನಿಯಂನ ಅರ್ಧಾಯುಷ್ಯದ ಎರಡೂವರೆ ಪಟ್ಟು ಕಾಲವದು! ಭವಿಷ್ಯದ ಅಪರಿಚಿತನನ್ನು ತಡೆಯಲು ಚಿತ್ರ, ಬರಹ, ಭಯ ಎಂಬ ಮೂರು ಉಪಾಯಗಳನ್ನು ಶಾಸನಕಾರರು ಒಟ್ಟಿಗೇ ಬಳಸಿದ್ದರು.

ಫಲವೇನಾಯಿತು ಎಂಬುದು ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಕ್ರಿ.ಶ. 450ರ ಸುಮಾರಿನದೆನ್ನಲಾದ ಹಲ್ಮಿಡಿ ಶಾಸನವನ್ನು ಇಂದು ತಜ್ಞರ ನೆರವಿಲ್ಲದೆ ಓದಲಾಗದು; ಓದಿದರೂ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಒಂದೂವರೆ ಸಾವಿರ ವರ್ಷಗಳಲ್ಲಿಯೇ ಹೀಗೆ. ಎಷ್ಟೋ ಶಾಸನಗಳು ಬಟ್ಟೆ ಒಗೆಯುವ ಕಲ್ಲುಗಳಾಗಿ, ದೇಗುಲದ ಮೆಟ್ಟಿಲುಗಳಾಗಿ ಸಿಕ್ಕಿವೆ. ಶಾಪ ಯಾರನ್ನೂ ತಡೆದಂತಿಲ್ಲ. ತಮ್ಮನ್ನು 'ಕುವಲಾಲಪುರವರೇಶ್ವರ'ರೆಂದು ಕರೆದುಕೊಂಡ ಗಂಗರ ನಾಡು ಇಂದಿನ ಕೋಲಾರ. ಅಂತಹ ರಾಜವಂಶದ ಆಜ್ಞೆಗಳೇ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿಗೆ ಸೀಮಿತವಾಗಿರುವಾಗ, ಐದು ವರ್ಷಕ್ಕೊಮ್ಮೆ ಬದಲಾಗುವ ಸರ್ಕಾರವೊಂದು 'ಶಾಶ್ವತ' ಎಂಬ ಪದವನ್ನು ಬಳಸುವುದು ದಿಟ್ಟತನವೇ ಸರಿ.

ಇನ್ನೊಂದು ಪದವೂ ಚಿಂತನಾರ್ಹ. ದಾನಶಾಸನಗಳಲ್ಲಿ ಬರುವ ಅಷ್ಟಭೋಗಗಳು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿ ಹೂತದ್ದು, ನೀರು, ಕಲ್ಲು, ಮುಂದೆ ಬರಲಿರುವ ಫಲ, ಇವೆಲ್ಲ ನೆಲದ ಮೇಲಿರುವವನ ಹಕ್ಕುಗಳು. ಅಣುತ್ಯಾಜ್ಯದ ವಿಷಯದಲ್ಲಿ ಇದು ತಲೆಕೆಳಗಾಗುತ್ತದೆ. ನಿಕ್ಷೇಪ ಉಳಿಯುತ್ತದೆ, ಭೋಗ ಇಲ್ಲವಾಗುತ್ತದೆ; 'ಆಗಾಮಿ' ಫಲವಾಗದೆ ಕಾವಲಿನ ಹೊಣೆಯಾಗುತ್ತದೆ. ಭೋಗಿಸಿದವರ ಹೆಸರಿಲ್ಲದ, ಕಾಯಬೇಕಾದವರಿಗೆ ಮಾತ್ರ ಬರೆದ ದತ್ತಿಯಂತೆ ಅದು.

ನಂಬಿಕೆಯ ಕುಸಿತ

ಕೆ.ಜಿ.ಎಫ್.ನ ಆಳಕ್ಕೂ ಭೌತವಿಜ್ಞಾನಕ್ಕೂ ಗೌರವಯುತವಾದ ನಂಟೊಂದಿತ್ತೆಂಬುದನ್ನು ಮರೆಯಬಾರದು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ಇಲ್ಲಿಯ ಚಾಂಪಿಯನ್ ರೀಫ್ ಗಣಿಯಾಳದಲ್ಲಿ ವಾಯುಮಂಡಲದ ನ್ಯೂಟ್ರಿನೋ ಕಣಗಳನ್ನು ಪತ್ತೆಹಚ್ಚಿದರು. ವಿಶ್ವದಲ್ಲಿಯೇ ಮೊದಲ ಪತ್ತೆಗಳಲ್ಲಿ ಅದೊಂದು. ಆ ಪರಂಪರೆಯನ್ನು ಮುಂದುವರಿಸಲು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ನ್ಯೂಟ್ರಿನೋ ವೀಕ್ಷಣಾಲಯವೊಂದನ್ನು ಯೋಜಿಸಿದಾಗ, ಅದು ಮುಂದೆ ಅಣುತ್ಯಾಜ್ಯದ ಗೋದಾಮಾಗಬಹುದೆಂಬ ಶಂಕೆ ವಿರೋಧದ ಕಾರಣಗಳಲ್ಲಿ ಒಂದಾಯಿತು. ನ್ಯೂಟ್ರಿನೋ ಪ್ರಯೋಗಕ್ಕೂ ತ್ಯಾಜ್ಯಕ್ಕೂ ಸಂಬಂಧವಿಲ್ಲವೆಂದು ವಿಜ್ಞಾನಿಗಳು ಮತ್ತೆ ಮತ್ತೆ ವಿವರಿಸಬೇಕಾಯಿತು. ಶಂಕೆ ತಪ್ಪಾಗಿರಬಹುದು. ಆದರೆ ಒಂದು ಗಣಿಯಲ್ಲಿ ಪ್ರಯೋಗವೆಂದದ್ದು ಮುಂದೊಂದು ದಿನ ಸಂಗ್ರಹದ ಪ್ರಸ್ತಾಪವಾಗಿ ಕೇಳಿಸಿ, ಮರುದಿನ ಏನೂ ಇಲ್ಲವೆಂದಾದರೆ, ಬಳಿಕ ಬರುವ ನಿಜವಾದ ವಿವರಣೆಯೂ ಕಿವಿಗೆ ಬೀಳುವುದಿಲ್ಲ. ಗೋಪ್ಯತೆಯ ಭಾಷೆ ವಿಜ್ಞಾನಕ್ಕೇ ಮುಳುವಾಗುವ ಬಗೆ ಇದು.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಹೊಮ್ಮುವ ಅಂಶಗಳನ್ನು ಹೀಗೆ ಕ್ರೋಡೀಕರಿಸಬಹುದು. ಅಣುತ್ಯಾಜ್ಯದ ತಾಣವನ್ನು ಆರಿಸುವ ಕ್ರಿಯೆ ಭೂವಿಜ್ಞಾನಕ್ಕೂ ಮೊದಲು ಭಾಷೆಯಲ್ಲಿ ನಡೆಯುತ್ತದೆ. ನೆಲವನ್ನು 'ಪಾಳು' ಎಂದು ಹೆಸರಿಸಿದ ಮೇಲೆಯೇ ಅದು ಲಭ್ಯವಾಗುತ್ತದೆ. ಜನವಿರೋಧ ಈ ನಾಮಕರಣವನ್ನು ಪ್ರಶ್ನಿಸುತ್ತದೆ. ಆ ಪ್ರಶ್ನೆಯಲ್ಲಿ ಭಯದ ಜೊತೆಗೆ ನೆಲದ ನೀರು-ಬಂಡೆಗಳ ಅನುಭವಜ್ಞಾನವಿದೆ, ಅಪಮಾನದ ನೆನಪಿದೆ, ಭೋಗ ಮತ್ತು ಹೊಣೆಗಳ ಹಂಚಿಕೆಯ ನ್ಯಾಯವಿದೆ. ಅಷ್ಟೇ ಸ್ಪಷ್ಟವಾಗಿ ಅದರ ಮಿತಿಗಳೂ ಕಾಣುತ್ತವೆ. ಸೈನೈಡ್ ದಿಬ್ಬಗಳ ಬಗೆಗಿನ ಮೌನ ಮತ್ತು ಕೈಗಾದ ಶೇಷದ ಬಗೆಗಿನ ಮರೆವು ಆ ವಿರೋಧದ ನೈತಿಕ ಬಲವನ್ನು ಕುಗ್ಗಿಸಿವೆ.

ಗಾಜಿನೊಳಗೆ ಬೆಸೆದ ಶೇಷ ಎಲ್ಲಿಯಾದರೂ ಇರಲೇಬೇಕು. 'ಇಲ್ಲಿ ಬೇಡ' ಎನ್ನುವ ಊರು 'ಹಾಗಾದರೆ ಎಲ್ಲಿ, ಯಾರ ಒಪ್ಪಿಗೆಯಿಂದ, ಯಾರ ಕಾವಲಿನಲ್ಲಿ' ಎಂಬ ಪ್ರಶ್ನೆಯನ್ನೂ ಕೇಳಲು ಸಮರ್ಥವಾಗಬೇಕಾದರೆ ಆ ಚರ್ಚೆ ಅದರ ನುಡಿಯಲ್ಲಿ ನಡೆಯಬೇಕು. ಅರ್ಧಾಯುಷ್ಯ, ಮರುಸಂಸ್ಕರಣೆ, ಭೂಗರ್ಭ ಸಂಗ್ರಹಗಳ ಪರಿಭಾಷೆಯನ್ನು ಕನ್ನಡದಲ್ಲಿ ಬೆಳೆಸುವ ಕೆಲಸ ವಿಜ್ಞಾನ ಲೇಖಕರ ಪಾಲಿನದೆಂದು ಕನ್ನಡ ವಿಭಾಗಗಳು ಸುಮ್ಮನಿರುವಂತಿಲ್ಲ. ಹಲ್ಮಿಡಿಯನ್ನು ಓದಬಲ್ಲ ಶಿಸ್ತಿಗೆ, ಮುಂದಿನವರು ಓದಬೇಕಾದ ಎಚ್ಚರಿಕೆಯನ್ನು ಕುರಿತು ಯೋಚಿಸುವ ಹೊಣೆಯೂ ಸೇರಿದೆ.